ಬಾಡಿಗೆ ಮನೆಯ ಧಣಿ

ಮನೆ ಬಾಡಿಗೆಗೆ ಕೊಟ್ಟವರಿಗೆ ಒಂದು ದಿನ ನೆಮ್ಮದಿಯಿದ್ದರೆ ಮರುದಿನ ಏನಾದರೊಂದು ಗಲಾಟೆ ಇದ್ದೇ ಇರುತ್ತದೆ. ದೇವರು ನನ್ನನ್ನು ಅಂಥವರ ಪಕ್ಕದಲ್ಲೇ ಇಟ್ಟಿದ್ದಾನೆ, ನಡುವಿನ ಬೇಲಿಯೂ ಗಿಡ್ಡ.

ಕೋಟೇಶ್ವರದಲ್ಲಿ ನಮ್ಮ ಪಕ್ಕದ ಮನೆಯವರು ಮುಂಬೈಯ ಹೋಟೆಲು ಮಾರಿ ಊರಿಗೆ ಬಂದವರು. ಬಂದ ದುಡ್ಡನ್ನೆಲ್ಲ ಸುರಿದು, ತಮ್ಮ ದೊಡ್ಡ ಮನೆಯ ಮಗ್ಗುಲಲ್ಲೇ ಬಾಡಿಗೆಗೆಂದು ಎರಡು ಕೋಣೆಯ ಮನೆ ಕಟ್ಟಿಸಿದರು. "ಇನ್ ಮನಿ ದುಡಿತ್ತ್ ಅಕ್ಕ, ನಾ ಕೂಕಂಡ್ ಉಂತೆ" ಎಂದರು. ನಾವೆಲ್ಲ ಅವರನ್ನು ಧಣಿ ಎನ್ನುತ್ತೇವೆ. ಅವರಿಗೆ ಖುಷಿ, ನಮಗೆ ಖರ್ಚಿಲ್ಲ.

ಧಣಿಗೆ ಇದ್ದದ್ದು ಒಂದೇ ಹೆದರಿಕೆ. ಅವರ ಅಪ್ಪನ ಗದ್ದೆಯೆಲ್ಲ, ಉಳುವವನೇ ಒಡೆಯ ಎಂದು ಗೇಣಿಯವರು ಸರಕಾರಕ್ಕೆ ಡಿಕ್ಲರೇಶನ್ ಕೊಟ್ಟ ಕಾಲದಲ್ಲಿ, ಅವರ ಪಾಲಾಗಿತ್ತು. ಈಗ ಈ ಮನೆಯೂ ಬಾಡಿಗೆಯವರ ಪಾಲಾದರೆ? ಅದೇ ಯೋಚನೆಯಲ್ಲಿ ತಲೆಯಲ್ಲಿದ್ದ ನಾಲ್ಕು ಕೂದಲೂ ಉದುರಿದವು.

ಬಂಗ್ಡೆ

ವರ್ಗ ಆಗುವ ಕೆಲಸದವರಾದರೆ ಮನೆಗೆ ಅಂಟಿಕೊಳ್ಳುವುದಿಲ್ಲ ಎಂದು ಘಟ್ಟದ ಮೇಲಿನ ಬ್ಯಾಂಕಿನವರೊಬ್ಬರಿಗೆ ಕೊಟ್ಟರು. ಶುದ್ಧ ಸಸ್ಯಾಹಾರಿ. ವಾರದೊಳಗೆ ಅವರು ಬಂದು, "ಸಾರ್, ಪೂಜೆ ಹೊತ್ತಿಗೆ ನಿಮ್ಮ ಅಡುಗೆಮನೆಯಿಂದ ಮೀನು ಹುರಿಯೋ ವಾಸನೆ ಬರುತ್ತೆ. ಹೀಗಾದ್ರೆ ಬೇರೆ ಮನೆ ನೋಡ್ಕೋಬೇಕಾಗುತ್ತೆ" ಎಂದರು.

ಅಂಥ ಬಾಡಿಗೆಯವರನ್ನು ಬಿಡುವುದುಂಟೇ? ಧಣಿ ತಮ್ಮ ಮನೆಯಲ್ಲೇ ಮೀನು ನಿಲ್ಲಿಸಿದರು. ಮೀನಿನವಳು ಬಂಗ್ಡೆ ಬುಟ್ಟಿ ಇಳಿಸಿದರೆ, ಸಾಲ ಕೊಟ್ಟವರು ಬಂದ ಹಾಗೆ ಬಾಗಿಲು ಹಾಕಿದರು.

ಆಮೇಲೆ ಮಧ್ಯಾಹ್ನ ನಮ್ಮ ಹಿತ್ತಿಲ ಬಾಗಿಲಿಗೆ ಬರತೊಡಗಿದರು. "ಅಕ್ಕ, ಇವತ್ತ್ ಎಂತ ಮೀನಿನ್ ಗಸಿ?" ಎಂದು ಕೇಳುತ್ತಲೇ ಮಣೆ ಎಳೆದುಕೊಂಡಾಗಿರುತ್ತಿತ್ತು. ಉಂಡು ಕೈ ತೊಳೆದು, "ನಮ್ ಹೆಂಡ್ತಿಗೆ ಹೇಳುಕಾಗ" ಎನ್ನುತ್ತಿದ್ದರು. ಅವರ ಹೆಂಡತಿ ಅದೇ ಮಣೆಯಲ್ಲಿ ಕೂತು, ಅದೇ ಗಸಿ ಉಂಡು, ಅದೇ ಮಾತು ಹೇಳಿ ಹೋಗಿ ಒಂದು ಗಂಟೆಯಾಗಿರುತ್ತಿತ್ತು.

ಬಸಳೆ

ಬ್ಯಾಂಕಿನವರಿಗೆ ವರ್ಗವಾಯಿತು. ಮತ್ತೆ ಬಂದವರು ನಾವುಂದ ಎಂಬ ಊರಿನ ಕಡೆಯ ಮೇಷ್ಟ್ರು ಮತ್ತು ಅವರ ಹೆಂಡತಿ. ಮೀನು ತಿನ್ನುವವರೇ. ಧಣಿ ಹಾಕಿದ ಕರಾರು ಒಂದೇ, ಜಾಗದಲ್ಲಿ ಏನೂ ನೆಡಬಾರದು.

ಮೇಷ್ಟ್ರ ಹೆಂಡತಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಬಸಳೆ ನೆಟ್ಟು ಚಪ್ಪರ ಹಾಕಿದಳು. ಧಣಿ ಬೆವರುತ್ತ ನನ್ನಲ್ಲಿಗೆ ಬಂದರು.

"ಅಕ್ಕ, ಬೆಳಿ ತೆಗುಕೆ ಶುರು ಮಾಡ್ರ್. ನಾಳೆ ಜಾಗವೇ ನಮ್ದ್ ಅಂಬ್ರ್."

"ಬಸಳಿ ಚಪ್ಪರಕ್ಕೆ ಯಾರ್ ಡಿಕ್ಲರೇಶನ್ ಕೊಡ್ತ್ರ್ ಮಾರಾಯ?"

"ಗದ್ದಿ ಹೋಪ ಹೊತ್ತಿಗೆ ನನ್ನಪ್ಪನೂ ಹಿಂಗೇ ನೆಗ್ಯಾಡಿದ್ರ್."

ಕೀಳಲು ಧೈರ್ಯವಿಲ್ಲ, ಆ ಹೆಂಗಸಿನ ಬಾಯಿ ಜೋರು. ಹಾಗಾಗಿ ಧಣಿ, ಕೊಯ್ದವರದ್ದೇ ಸ್ವಾಧೀನ ಎಂದು ತಾವೇ ತೀರ್ಮಾನಿಸಿ, ಬೆಳಿಗ್ಗೆ ಎದ್ದು ಪಂಚೆ ಎತ್ತಿ ಕಟ್ಟಿ ತಾವೇ ಬಸಳೆ ಕೊಯ್ಯತೊಡಗಿದರು. ಕೊಯ್ದು ಬೇಲಿಯತ್ತ ತಿರುಗಿ, "ಅಕ್ಕ, ನೀವ್ ಕಂಡಿದ್ರಿ ಅಲ್ದಾ?" ಎಂದು ಸಾಕ್ಷಿ ಬೇರೆ. ಅವರ ಮನೆಯಲ್ಲಿ ಮೂರು ಹೊತ್ತೂ ಬಸಳೆ. "ಸ್ವಾಧೀನ ಸಾಕ್, ಹೊಟ್ಟಿ ತಡಿತಿಲ್ಲೆ" ಎಂದು ಹೆಂಡತಿ ಸೌಟು ಎತ್ತಿದಳು.

ಮೇಷ್ಟ್ರ ಹೆಂಡತಿಗೆ ಸಿಟ್ಟು ಬಂದಿರಬೇಕು ಎಂದು ಆಸೆಯಿಂದ ವಿಚಾರಿಸಿದೆ. "ಸಿಟ್ಟೆಂತಕ್ಕೆ ಅಕ್ಕ? ಕೊಯ್ದಷ್ಟೂ ಚಿಗುರ್ ಲಾಯ್ಕ್ ಬತ್ತ್. ಈ ಬಾಡ್ಗಿಗೆ ಮನಿ ಒಟ್ಟಿಗೆ ತೋಟದ ಆಳೂ ಸಿಕ್ಕಿದ" ಎಂದಳು.

ಸುದ್ದಿ

ಮೇಷ್ಟ್ರು ಶಾಲೆಗೆ ಹೋದ ಮೇಲೆ ಧಣಿ ಆ ಅಂಗಳದಲ್ಲಿ ಏಕೆ ಸುತ್ತುತ್ತಾರೆ ಎಂದು ಊರಲ್ಲಿ ಮಾತಾಯಿತು. ನಾನು ಯಾರಿಗೂ ಹೇಳಿದವಳಲ್ಲ. ಮೀನಿನವಳಿಗೆ ಹೇಳಿದ್ದು, ಅಷ್ಟೆ. ಸುದ್ದಿ ಬ್ರಹ್ಮಾವರದವರೆಗೆ ಹೋಗಿ, ಅಲ್ಲಿಂದ ಧಣಿಯ ಹೆಂಡತಿಯ ತಂಗಿ ಬಸ್ಸು ಹತ್ತಿ ಅಳುತ್ತ ಬಂದಳು. ಧಣಿಯ ಹೆಂಡತಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಲಿಲ್ಲ. "ಇವ್ರಾ? ಇವ್ರಿಗೆ ಬಸಳಿ ಬಿಟ್ರೆ ಬೇರೆ ಎಂತದೂ ಕಾಣುದಿಲ್ಲೆ. ನಂಗ್ ಗೊತ್ತಿಲ್ಯಾ?"

ಮನೆ ಬಿಡಿಸಿದ್ದು

ಮಾನವೂ ಹೋಯಿತು, ಇನ್ನು ಮನೆಯೂ ಹೋಗುವ ಮೊದಲು ಇವರನ್ನು ಎಬ್ಬಿಸಬೇಕೆಂದು ಧಣಿ ಒಂದು ಸುಳ್ಳು ಕಟ್ಟಿದರು. ಮೇಷ್ಟ್ರನ್ನು ತಮ್ಮ ಜಗಲಿಗೆ ಕರೆಸಿ, "ಮೇಷ್ಟ್ರೇ, ಸಣ್ಣ ಮನಿ ಬಿಟ್ಟ್ ಕೊಡ್ಕ್. ನಾವೇ ಅಲ್ಲಿ ಬಂದ್ ಇಪ್ಪುದ್ ಅಂದೇಳಿ. ಇವ್ಳಿಗೆ ಮಂಡಿನೋವ್, ಈ ಮನಿ ಮೆಟ್ಲ್ ಹತ್ತುಕಾತಿಲ್ಲೆ" ಎಂದರು.

ಮೇಷ್ಟ್ರು ಸಾಧು ಮನುಷ್ಯ. "ಅದಕ್ಕೆಂತ ಧಣಿ, ಬಿಡ್ತೆ. ಹಂಗಾರೆ ಈ ದೊಡ್ಡ ಮನಿ ಖಾಲಿ ಆತ್ತಲೆ? ನಮ್ಗೇ ಕೊಡಿ. ಅಪ್ಪ ಅಮ್ಮ ಬಪ್ಪವ್ರಿದ್ರ್. ಬಾಡ್ಗಿ ಎರಡು ಪಾಲ್ ಕೊಡ್ತೆ."

ಧಣಿ ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ಹೆಂಡತಿಯ ದನಿ: "ಆಯ್ತ್. ಎಂಟ್ ಕೋಣಿ ಗುಡ್ಸಿ ಗುಡ್ಸಿ ನಂಗೂ ಸಾಕಾಯ್ತ್."

"ನಿನ್ನ ಮಂಡಿಗೆ ಎಂತ ಆಯ್ತ್, ಸಮಾ ಇತ್ತಲೆ" ಎಂದು ಧಣಿ ಬಾಗಿಲತ್ತ ತಿರುಗಿ ಹಲ್ಲು ಕಚ್ಚಿ ಪಿಸುಗುಟ್ಟಿದರು. ಅವಳು ಆ ಕ್ಷಣದಿಂದಲೇ ಕುಂಟಲು ಶುರುಮಾಡಿದಳು.

ಸಾಮಾನೆಲ್ಲ ಅತ್ತಿಂದಿತ್ತ ಆಯಿತು. ಧಣಿಯ ಆರಾಮ ಕುರ್ಚಿ ಸಣ್ಣ ಮನೆಯ ಬಾಗಿಲಲ್ಲಿ ಹಿಡಿಸದೆ ದೊಡ್ಡ ಮನೆಯಲ್ಲೇ ಉಳಿಯಿತು. ತಿಂಗಳು ತುಂಬಿದ ಮೇಲೆ ಬಾಡಿಗೆಗೆಂದು ಹೋದವರು, ತಾವೇ ಕಟ್ಟಿಸಿದ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಕೆಮ್ಮಿ, "ಹ್ವಾಯ್, ಒಳ್ಗ್ ಬಪ್ಪುದಾ?" ಎಂದು ಕೇಳಿದರು. ನಾನು ಬೇಲಿ ಬಿಟ್ಟು ಕದಲಲಿಲ್ಲ. ಮೇಷ್ಟ್ರ ಹೆಂಡತಿ ಬೆಲ್ಲ, ನೀರು ತಂದಿಟ್ಟು ಅದೇ ಕುರ್ಚಿ ತೋರಿಸಿದಳು. ಧಣಿ ಕೂರಲೋ ಬೇಡವೋ ಎಂದು ನಿಂತೇ ಇದ್ದರು.

"ನಾಚ್ಕಿ ಎಂತಕ್ಕೆ ಧಣಿ, ಕೂಕಣಿ" ಎಂದಳು ಅವಳು. "ನಿಮ್ದೇ ಮನಿ ಅಂದೇಳಿ ತಿಳ್ಕಣಿ."