ಖುಫು ದೊರೆಯ ಪಿರಮಿಡ್ಡೂ ನನ್ನ ಮೊಣಕಾಲೂ

ನಾನು ಹೆದರುಪುಕ್ಕಲ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮುಂದಿನದನ್ನು ಹೇಳುವುದು ಸುಲಭ. ವಿಲಾಯತಿಯ ಹಡರ್ಸ್‌ಫೀಲ್ಡಿನಲ್ಲಿ, ಆಪರೇಷನ್ನಿಗೆ ಬಂದವರಿಗೆ ಅರಿವಳಿಕೆ ಕೊಡುವ ಡಾಕ್ಟರು ನಾನು. "ಏನೂ ಆಗಲ್ಲ, ಹೆದರಬೇಡಿ" ಎಂದು ದಿನವೂ ಕಂಡವರಿಗೆಲ್ಲ ಹೇಳುವುದೇ ನನ್ನ ಉದ್ಯೋಗ. ನನಗೆ ಹಾಗೆ ಹೇಳಲು ಹೆಂಡತಿ ಶೈಲಾ ಇದ್ದಾಳೆ. ಆದರೆ ಅವಳು ಧಾರವಾಡದವಳು. ಧೈರ್ಯವನ್ನೂ ಬೈದೇ ಹೇಳುತ್ತಾಳೆ.

ಈ ಸಲದ ಹೆದರಿಕೆ ಬಂದದ್ದು ಮಗಳ ಹೋಂವರ್ಕಿನಿಂದ. ಒಂಬತ್ತು ವರ್ಷದ ಸಿಂಚನಾ ಸಕ್ಕರೆ ಕ್ಯೂಬುಗಳನ್ನು ಅಂಟಿಸಿ ಈಜಿಪ್ಟಿನ ಖುಫು ದೊರೆಯ ಪಿರಮಿಡ್ ಕಟ್ಟುತ್ತಿದ್ದಳು. ಮುರಿದ ಕ್ಯೂಬುಗಳನ್ನು ಬಾಯಿಗೆ ಹಾಕಿಕೊಳ್ಳುತ್ತ ನಾನೂ ಸಹಾಯ ಮಾಡುತ್ತಿದ್ದೆ. ಆ ದೊರೆ ಗಟ್ಟಿಮುಟ್ಟಾಗಿದ್ದಾಗಲೇ ತನ್ನ ಗೋರಿಯ ಕೆಲಸ ಶುರುಮಾಡಿಸಿದ್ದನಂತೆ. ಪಕ್ಕದಲ್ಲಿ ಒಂದು ದೋಣಿಯನ್ನೂ ಹೂಳಿದ್ದರಂತೆ. ಇಷ್ಟು ವಿವರಿಸಿದ ಮಗಳು ಅಂಟಿನ ಬೆರಳನ್ನು ನನ್ನತ್ತ ಚಾಚಿ, "ವೇರ್ ಈಸ್ ಯುವರ್ಸ್, ಅಪ್ಪಾ?" ಎಂದಳು.

ಹೌದಲ್ಲ, ನನ್ನದೆಲ್ಲಿ? ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಪದ್ಮಾಸನ ಹಾಕಿಸಿ, ಕೈಯಲ್ಲಿ ಇಷ್ಟಲಿಂಗ ಇಟ್ಟು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಊರಲ್ಲಾದರೆ ಅಯ್ಯನವರು, ಬಳಗದವರು ನೋಡಿಕೊಳ್ಳುತ್ತಾರೆ. ಇಲ್ಲಿನ ಪೆಟ್ಟಿಗೆಗಳೋ ಮಲಗುವವರ ಅಳತೆಯವು. ಅಯ್ಯೋ ಶಿವನೇ, ಇವರು ನನ್ನನ್ನು ಉದ್ದಕ್ಕೆ ಮಲಗಿಸಿಬಿಟ್ಟರೆ? ಎರಡು ದಿನ ಊಟ ಸೇರಲಿಲ್ಲ.

ಕೊನೆಗೆ ಕೌನ್ಸಿಲ್ಲಿನ ಸ್ಮಶಾನ ವಿಭಾಗಕ್ಕೆ ಫೋನು ಮಾಡಿದೆ. "ಯಾರಿಗೆ, ಲವ್?" ಎಂದು ಫೋನೆತ್ತಿದ ಹೆಂಗಸು, ಇಲ್ಲಿ ಎಲ್ಲರನ್ನೂ ಕರೆಯುವ ಹಾಗೆ, ಮೃದುವಾಗಿ ಕೇಳಿದಳು. "ನನಗೇ" ಎಂದೆ. ಕೂರಿಸುವ ಪದ್ಧತಿ ವಿವರಿಸಿದರೂ ಪುಣ್ಯಾತ್ಗಿತ್ತಿ ನಗಲಿಲ್ಲ. ಮೇಲಿನವರನ್ನು ಕೇಳಿ ಹೇಳುತ್ತೇನೆ, ನೀವು ಕೂತಾಗಿನ ಎತ್ತರ, ಅಗಲ ಬರೆದು ಕಳಿಸಿ ಎಂದಳು.

"ಅಲ್ರೀ, ಜೀವ ಗಟ್ಟಿ ಐತಿ, ಮನಿ ಮಾರ್ಟ್‌ಗೇಜ್ ಸೈತ ಮುಗದಿಲ್ಲ. ಏನ್ ಹುಚ್ಚರಿ ಇದು?" ಎನ್ನುತ್ತಲೇ ಶೈಲಾ ಬ್ಲೌಸ್ ಹೊಲಿಯುವ ಟೇಪು ತಂದಳು. "ಹೂಂ, ಕುಂದರ್ರಿ."

ಕೂರಲು ಹೋದರೆ ಮೊಣಕಾಲು ಮಡಚುತ್ತಿಲ್ಲ! ಇಷ್ಟು ವರ್ಷ ಕುರ್ಚಿಯ ಮೇಲೇ ಉಂಡವನು ನಾನು. ಹಲ್ಲು ಕಚ್ಚಿ ಒಂದು ಪಾದವನ್ನು ತೊಡೆಯ ಮೇಲೇರಿಸಿದೆ. ಇನ್ನೊಂದನ್ನು ಶೈಲಾ ಏರಿಸಿದಳು. ಅಳತೆಯೇನೋ ಆಯಿತು. ಏಳಬೇಕೆಂದರೆ ಕಾಲುಗಳೇ ಇಲ್ಲದಂತಾಗಿದೆ. ನರ ಒತ್ತಿದೆ, ಜೋಮು ಹಿಡಿದಿದೆ ಎಂದು ನನ್ನೊಳಗಿನ ಡಾಕ್ಟರಿಗೆ ಗೊತ್ತು. ಆದರೂ "ಶೈಲಾ, ಕಾಲು ಸತ್ತುವು!" ಎಂದು ಕೂಗಿಯೇಬಿಟ್ಟೆ.

"ಬಾರವ್ವಾ ಸಿಂಚನಾ, ನಿಮ್ಮಪ್ಪ ಈಗ ಕುಂತಾನ, ಏಳಾಕ ಬರವಲ್ದು" ಎಂದು ಅವಳು ಮಗಳನ್ನು ಕರೆದಳು. ಆಕಡೆಯ ತೋಳು ಮಗಳು, ಈಕಡೆಯದು ಶೈಲಾ, ಹೇಗೋ ಎಳೆದು ನಿಲ್ಲಿಸಿದರು. ನನಗೆ ಯಾತರ ಹೆದರಿಕೆ ಎಂಬುದು ಆಗ ತಿಳಿಯಿತು. ಮಲಗಿಸಲಿ, ಕೂರಿಸಲಿ, ಅಲ್ಲಿ ಒಬ್ಬನೇ ಇರಬೇಕಲ್ಲ.

"ನಿಂತೀರಲ್ಲ, ಇನ್ನ ಬಿಡ್ರಿ ಕೈ" ಎಂದಳು ಶೈಲಾ. ಕಾಲಿಗೆ ಆಗಲೇ ಜೀವ ಬಂದಿತ್ತು. "ಇನ್ನೂ ಜೋಮು ಹೋಗಿಲ್ಲ" ಎಂದು ಸುಳ್ಳು ಹೇಳಿ, ಇಬ್ಬರನ್ನೂ ಬಿಗಿಯಾಗಿ ಹಿಡಿದುಕೊಂಡೆ.