ಕೋಟು ತೊಡಿಸುವವರು ಯಾರು?

ಆ ಶನಿವಾರ ಬೆಳಿಗ್ಗೆ ಶೇಖರಪ್ಪನ ಸಿಟ್ಟು ನೆತ್ತಿಗೇರಲು ಕಾರಣವಾದದ್ದು ಒಂದು ಚಿಟಿಕೆ ಅರಿಶಿನ. ಅಷ್ಟಕ್ಕೆಲ್ಲ ಸಿಟ್ಟೇ ಎಂದು ನೀವು ಕೇಳಬಹುದು. ಕಳೆದ ನಾಲ್ಕು ತಿಂಗಳಿಂದ ಆ ಮನುಷ್ಯ ಯಾರ್ಯಾರಿಗೆ ಏನೇನು ಉತ್ತರ ಕೊಟ್ಟು ಸುಸ್ತಾಗಿದ್ದ ಅನ್ನುವುದು ಗೊತ್ತಿದ್ದರೆ ನೀವೂ ಹಾಗೆ ಕೇಳುತ್ತಿರಲಿಲ್ಲ.

ಮಗಳು ನಿಕಿತಾಗೆ ಆಸ್ಟಿಯೋಪಥಿ ವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಓದಿ ಮುಗಿಸಿದರೆ ಡಿ.ಓ. ಅನ್ನುವ ಪದವಿ. ಅಮೆರಿಕದಲ್ಲಿ ಡಿ.ಓ. ಆದವರು ಎಂ.ಡಿ. ಆದವರಷ್ಟೇ ಪೂರ್ತಿ ಡಾಕ್ಟರು. ಔಷಧಿ ಬರೆಯುತ್ತಾರೆ, ಆಪರೇಷನ್ ಮಾಡುತ್ತಾರೆ, ಅದರ ಮೇಲೆ ಎಲುಬು ಕೀಲುಗಳನ್ನು ಕೈಯಿಂದಲೇ ಒತ್ತಿ ಸರಿಪಡಿಸುವ ವಿದ್ಯೆಯನ್ನೂ ಕಲಿತಿರುತ್ತಾರೆ. ಇದನ್ನು ಶೇಖರಪ್ಪ ರೆಡ್ಮಂಡಿನ ತನ್ನ ಆಫೀಸಿನಲ್ಲಿ ಹೇಳಿದ, ದೇವಸ್ಥಾನದಲ್ಲಿ ಹೇಳಿದ, ಕನ್ನಡ ಸಂಘದ ಯುಗಾದಿ ಊಟದಲ್ಲಿ ಹೋಳಿಗೆ ಆರಿಹೋಗುವ ತನಕ ಹೇಳಿದ. ಎಲ್ಲರೂ ಕೋಲೆ ಬಸವನ ಹಾಗೆ ತಲೆ ಆಡಿಸಿ, ಕೊನೆಗೆ "ಅಂದ್ರೆ ಮೂಳೆ ಕಟ್ಟೋದು ತಾನೆ?" ಎಂದರು. ಒಬ್ಬರಂತೂ "ಪಾಪ, ಎಂ.ಡಿ. ಸಿಗ್ಲಿಲ್ವಾ?" ಎಂದು ಸಾವಿನ ಮನೆಗೆ ಬಂದವರಂತೆ ಭುಜ ತಟ್ಟಿ ಹೋದರು. ಅಲ್ಲ, ಮಗಳು ಡಾಕ್ಟರಾಗುತ್ತಾಳೆ ಅಂದರೆ ಒಬ್ಬನಾದರೂ ಸಂತೋಷಪಡಬಾರದೆ?

ಈ ಮಂದಿಗೆಲ್ಲ ಮುಂದಾಳು ಪಕ್ಕದ ಮನೆಯ ಡಾಕ್ಟರ್ ಅಶ್ವತ್ಥ. ಮೈಸೂರಿನವರು, ಎಂ.ಡಿ., ಹೊಟ್ಟೆಯ ಸ್ಪೆಷಲಿಸ್ಟು. ಅಮೆರಿಕದಲ್ಲಿ ಇವರು ನೆಲೆಸಿದ್ದ ಸಮಾಮಿಶ್‌ನ ಆ ಬೀದಿಯಲ್ಲಿ ಯಾರ ಹೊಟ್ಟೆ ಉಬ್ಬರಿಸಿದರೂ ಅವರನ್ನೇ ಕೇಳಬೇಕು, ಕೇಳದಿದ್ದರೂ ಅವರೇ ಬಂದು ಹೇಳುತ್ತಾರೆ. ಬಿಳಿ ಕೋಟಿನ ಸಮಾರಂಭದ ಸುದ್ದಿ ಹಬ್ಬಿದ ದಿನ ಬೇಲಿಯ ಆಚೆಯಿಂದಲೇ ಮಾತು ತೆಗೆದರು.

"ಶೇಖರಪ್ಪ, ಹೊಸ ಸ್ಟೂಡೆಂಟ್ಸ್‌ಗೆಲ್ಲ ಸ್ಟೇಜ್ ಮೇಲೆ ಬಿಳಿ ಕೋಟ್ ಹಾಕಿಸ್ತಾರಂತಲ್ಲ. ಯಾರು ಹಾಕೋದು?"

"ಮನಿಯವರು ಒಬ್ಬರು ಹಾಕಬಹುದು ಅಂದಾರ್ರಿ. ನಾನ ಹಾಕತೀನಿ."

"ನೀವಾ? ಸಾಮಾನ್ಯವಾಗಿ ಡಾಕ್ಟರಾದವ್ರು ಹಾಕೋದು ಕಣ್ರೀ. ಬೇಕಿದ್ರೆ ನಾನು ಬರ್ತೀನಿ. ಸ್ಟೇಜ್ ಮೇಲೆ ಒಬ್ಬ ಎಂ.ಡಿ. ನಿಂತ್ರೆ ಮಗೂಗೂ ಒಂದು ತೂಕ."

ಶೇಖರಪ್ಪ ಬೇಲಿ ಬಿಟ್ಟು ಮನೆಯೊಳಗೆ ನಡೆದ. ಡಿ.ಓ. ಅಂದರೆ ಮೂಗು ಮುರಿಯುವುದೂ ಇವರೇ, ಕೋಟು ತೊಡಿಸಲು ಕೈ ಚಾಚುವುದೂ ಇವರೇ. ಪುಣ್ಯಕ್ಕೆ ಅದೇ ರಾತ್ರಿ ಊಟಕ್ಕೆ ಕೂತಾಗ ನಿಕಿತಾ, "ಅಪ್ಪಾನೇ ಹಾಕ್ಬೇಕು. ನೋ ಡಿಸ್ಕಶನ್" ಎಂದುಬಿಟ್ಟಳು. ಎಲ್ಲರ ಎದುರು ವಾದ ಮಾಡಿದವನು ಅಪ್ಪ, ಆದ್ದರಿಂದ ಕೋಟು ಅಪ್ಪನ ಕೈಯಿಂದಲೇ. ಅವತ್ತಿನಿಂದ ಶೇಖರಪ್ಪ ದಿನಾ ಆಫೀಸಿನಿಂದ ಬಂದವನೇ ಹೆಂಡತಿ ಶಾಮಲಾಳನ್ನು ಹಾಲ್‌ನಲ್ಲಿ ನಿಲ್ಲಿಸಿ, ತನ್ನ ರೇನ್‌ಕೋಟನ್ನು ಅವಳಿಗೆ ತೊಡಿಸಿ ತೊಡಿಸಿ ಅಭ್ಯಾಸ ಮಾಡಿದ. ಅವಳ ಕೈಗೆ ಒಮ್ಮೆಯೂ ತೋಳು ಸರಿಯಾಗಿ ಸಿಗಲಿಲ್ಲ. ಆದರೂ ಅವನಿಗೆ ಬದುಕಿನಲ್ಲಿ ಬೇರೆ ಯಾವ ವೇದಿಕೆಯೂ ಬೇಕಿರಲಿಲ್ಲ, ಆ ಒಂದು ಕ್ಷಣ ಬೇಕಿತ್ತು.

ಇನ್ನು ಅರಿಶಿನದ ವಿಷಯ. ಶೇಖರಪ್ಪನ ತಾಯಿ ಗೌರಾದೇವಿ ಗದಗಿನಿಂದ ಬಂದು ಮೂರು ತಿಂಗಳಾಗಿತ್ತು. ಸಮಾರಂಭದ ದಿನ ಬೆಳಿಗ್ಗೆ, ನಿಕಿತಾ ರಿಹರ್ಸಲ್ ಇದೆಯೆಂದು ಮೊದಲೇ ಹೊರಟುಹೋದ ಮೇಲೆ, ಮುದುಕಿ ಚಹಾದ ಕಪ್ಪು ಕೆಳಗಿಟ್ಟು ಶುರುಮಾಡಿದಳು.

"ಮದವಿ ಆಗದ ಹುಡಿಗಿಗೆ ಬರೇ ಬಿಳೇ ಅರಿವಿ ಹಾಕತಾರೇನೊ ಶೇಖರಾ? ಹೊಸಾ ಅರಿವಿಗೆ ಒಂದ ಚುಕ್ಕಿ ಅರಿಷಿಣಾ ಹಚ್ಚದ ಮೈಮ್ಯಾಲ ಹಾಕೂದು ಛಲೋ ಅಲ್ಲ."

"ಅವ್ವಾ, ಅದು ಸೀರಿ ಅಲ್ಲ, ಡಾಕ್ಟರ್ ಕೋಟು."

"ಹೊಸಾದು ಹೌದಿಲ್ಲೊ?"

"ಹಂಗಾರ ನಿಕಿತಾನ ಹಚ್ಚಿಕೊಳ್ಳಲಿ. ಫೋನ್ ಮಾಡಿ ಹೇಳತೀನಿ."

"ಹಾಕ್ಕೊಳ್ಳಾಕಿ ತಾನ ಹಚ್ಕೋಬಾರದು."

"ಶಾಮಲಾ ಹಚ್ಚತಾಳ ತಗೊ."

"ತೊಡಸಾಂವನ ಹಚ್ಚಬೇಕು. ಅದೂ ತೊಡಸೂದಕ್ಕ ಒಂದೀಟ ಮೊದಲ. ಮುಂಜಾನೆ ಹಚ್ಚಿ ಮಧ್ಯಾಹ್ನ ತೊಡಿಸಿದ್ರ ಏನ ಫಲ?"

ಇಂಥ ಶಾಸ್ತ್ರವನ್ನು ಶೇಖರಪ್ಪ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಕಂಪನಿಯಲ್ಲಿ ಹತ್ತಾರು ಜನರ ತಪ್ಪು ಹಿಡಿಯುವುದೇ ಅವನ ಕೆಲಸ, ಆದರೆ ಅವ್ವನ ಮಾತಿನಲ್ಲಿ ತಪ್ಪು ಹಿಡಿದು ಗೆದ್ದವರು ಆ ವಂಶದಲ್ಲೇ ಯಾರೂ ಇಲ್ಲ. ಮುದುಕಿ ಅರಿಶಿನವನ್ನು ನೀರಿನಲ್ಲಿ ಕಲಸಿ, ಕ್ಯಾಮೆರಾ ರೀಲು ಬರುತ್ತಿದ್ದ ಹಳೆಯ ಪುಟ್ಟ ಡಬ್ಬಿಯಲ್ಲಿ ತುಂಬಿ, ಮುಚ್ಚಳ ಬಿಗಿಯಾಗಿ ಒತ್ತಿ ಅವನ ಜೇಬಿಗೆ ಹಾಕಿದಳು.

"ಹಿರ್ಯಾರು ಹೇಳ್ಯಾರ, ಒಂದ ಚುಕ್ಕಿ ಹಚ್ಚಿ ಬರ್ರಿ. ನಿಮ್ಮ ಗಂಟೇನ ಹೋಗತೈತಿ?" ಎಂದಳು ಶಾಮಲಾ.

ಗಾಯದ ಮೇಲೆ ಬರೆ ಎಳೆದಂತೆ, ಹೊರಡುವ ಹೊತ್ತಿಗೆ ಬಾಗಿಲ ಮುಂದೆ ಅಶ್ವತ್ಥರ ವ್ಯಾನು ಬಂದು ನಿಂತಿತ್ತು. ಅತ್ತೆಗೆ ಕಾಲು ಚಾಚಿ ಕೂರಲು ಜಾಗ ಬೇಕೆಂದು ಶಾಮಲಾಳೇ ಅವರನ್ನು ಕರೆದಿದ್ದಳು. ಡಾಕ್ಟರು ಸೂಟು ತೊಟ್ಟಿದ್ದರು, ಟೈ ಕಟ್ಟಿದ್ದರು. ಬರೀ ಪ್ರೇಕ್ಷಕನಾಗಿ ಕೂರುವವನಿಗೆ ಟೈ ಯಾಕೆ? ಶೇಖರಪ್ಪ ದಾರಿಯುದ್ದಕ್ಕೂ ಆ ಟೈಯನ್ನೇ ನೋಡುತ್ತ ಕುದಿದ. ಇವರು ವೇದಿಕೆಯ ಹತ್ತಿರ ಸುಳಿಯದ ಹಾಗೆ ನೋಡಿಕೊಳ್ಳಬೇಕು ಎಂದು ದಾರಿಯ ಬೆಲ್‌ವ್ಯೂ ಊರು ದಾಟುವ ಮೊದಲೇ ತೀರ್ಮಾನ ಮಾಡಿದ.

ಕಾಲೇಜು ಹೊಸದು, ಇದೇ ಮೊದಲ ಬ್ಯಾಚು, ಕಟ್ಟಡಕ್ಕೆ ಇನ್ನೂ ಬಣ್ಣ ಹೊಡೆಯುತ್ತಿದ್ದರು. ಹಾಗಾಗಿ ಸಮಾರಂಭಕ್ಕೆ ರೆಂಟನ್‌ನ ಒಂದು ಹೈಸ್ಕೂಲಿನ ಸಭಾಂಗಣವನ್ನು ಬಾಡಿಗೆಗೆ ಹಿಡಿದಿದ್ದರು. ಶೇಖರಪ್ಪ ಅಶ್ವತ್ಥರನ್ನು ಸಾಲಿನ ಒಳತುದಿಗೆ, ಗೋಡೆಗೆ ಒತ್ತಿ ಕೂರಿಸಿದ. ಪಕ್ಕದಲ್ಲಿ ಶಾಮಲಾ, ಅವಳ ಪಕ್ಕದಲ್ಲಿ ಅವ್ವ. ಇಬ್ಬರನ್ನು ದಾಟದೆ ಡಾಕ್ಟರು ಹೊರಬರುವ ಹಾಗಿರಲಿಲ್ಲ. ಶೇಖರಪ್ಪ ನಡುದಾರಿಯ ಕುರ್ಚಿಯಲ್ಲಿ ಕಾವಲು ಕೂತ.

ಭಾಷಣಗಳು ಮುಗಿದು ಮೊದಲ ಹೆಸರು ಕೂಗಿದ್ದೇ ಅವ್ವ ಮೊಣಕೈಯಿಂದ ತಿವಿದಳು. "ಈಗ ಹೋಗು."

"ನಂದು ಇನ್ನೂ ಭಾಳ ಹೊತ್ತೈತಿ. ಹೆಸರು ಕೊನೀಗೆ ಬರತೈತಿ."

"ಅದಕ್ಕ ಹೇಳಿದ್ದು, ಈಗ ಹೋಗು."

ಹೋದ. ವೇದಿಕೆಯ ಹಿಂದೆ ಮಕ್ಕಳ ಸಂಗೀತದ ಕೋಣೆ. ತುತ್ತೂರಿ, ಡೋಲುಗಳ ನಡುವೆ ಚಕ್ರದ ಸ್ಟ್ಯಾಂಡಿನ ಮೇಲೆ ಕೋಟುಗಳನ್ನು ಅಡ್ಡಹೆಸರಿನ ಕ್ರಮದಲ್ಲಿ ತೂಗುಹಾಕಿದ್ದರು. ಮೊದಲ ಕೆಲವನ್ನು ಆಗಲೇ ಒಯ್ದಿದ್ದರಿಂದ ಕೋಣೆಯಲ್ಲಿ ಯಾರೂ ಇರಲಿಲ್ಲ. ತುದಿಯಲ್ಲಿ ನಿಕಿತಾಳ ಕೋಟು, ಎದೆಯ ಮೇಲೆ ನೀಲಿ ದಾರದಲ್ಲಿ ಅವಳ ಹೆಸರು, ಹೆಸರಿನ ಕೊನೆಗೆ ತನ್ನ ಹೆಸರು. ಶೇಖರಪ್ಪನ ಕಣ್ಣು ತುಂಬಿ ಬಂತು. ನಾಲ್ಕು ತಿಂಗಳ ಮೂದಲಿಕೆಗೆಲ್ಲ ಇದೇ ಉತ್ತರ ಎಂದುಕೊಂಡ. ಕಾಲರಿನ ಒಳಗೆ, ಯಾರಿಗೂ ಕಾಣದ ಹಾಗೆ, ಸಾಸಿವೆಯಷ್ಟು ಹಚ್ಚಿದರೆ ಸಾಕು.

ಡಬ್ಬಿಯ ಮುಚ್ಚಳ ಬಿಚ್ಚಲಿಲ್ಲ. ಉಗುರಿನಿಂದ ಎಬ್ಬಿಸಿದ, ಹಲ್ಲಿನಿಂದ ಕಚ್ಚಿದ. ಕೊನೆಗೆ ಎರಡೂ ಕೈಯಿಂದ ಜಗ್ಗಿದ್ದೇ ಪಟ್ಟೆಂದು ಬಿಚ್ಚಿ, ಒಳಗಿದ್ದ ಅರಿಶಿನವಷ್ಟೂ ಹಾರಿ ಅರ್ಧ ಕೋಟಿನ ಮೇಲೆ, ಇನ್ನರ್ಧ ಅವನ ಅಂಗಿಯ ಮೇಲೆ ಬಿತ್ತು. ಮಗಳ ಹೆಸರು ಹಳದಿಯಲ್ಲಿ ಮುಳುಗಿಹೋಯಿತು.

ಕೋಟನ್ನು ಕಿತ್ತುಕೊಂಡು ಬಚ್ಚಲಿಗೆ ಓಡಿದ. ಗೋಡೆಯ ಡಬ್ಬಿಯಿಂದ ದ್ರವದ ಸಾಬೂನು ಬೊಗಸೆ ತುಂಬ ಹಿಂಡಿ ತಿಕ್ಕಿದ. ಅರಿಶಿನದ ಬಟ್ಟೆಗೆ ಸಾಬೂನು ತಾಗಿದರೆ ಕೆಂಪಾಗುತ್ತದೆ ಅನ್ನುವುದು ನಮ್ಮ ಕಡೆ ಬಟ್ಟೆ ಒಗೆದ ಯಾರಿಗೂ ಗೊತ್ತು. ಆದರೆ ಈ ಮಹಾನುಭಾವ ಹುಟ್ಟಿದಾಗಿನಿಂದ ಒಂದು ಕರವಸ್ತ್ರ ಒಗೆದವನಲ್ಲ. ತಿಕ್ಕಿದಷ್ಟೂ ಕೆಂಪು ಹರಡಿತು. ಕೋಟು ಕೆಂಪು, ಅಂಗಿ ಕೆಂಪು, ಮೊಣಕೈವರೆಗೆ ಕೆಂಪು. ಹೊರಗೆ ಧ್ವನಿವರ್ಧಕದಲ್ಲಿ ಹೆಸರುಗಳು ಒಂದರ ಹಿಂದೊಂದು ಓಡುತ್ತಿದ್ದವು.

ಕೋಟನ್ನು ಎದೆಗೆ ಅವುಚಿಕೊಂಡು ಕಾರಿಡಾರಿಗೆ ಬಂದ. ಎದುರಿಗೆ ಕಾಲೇಜಿನ ಒಬ್ಬ ಬಿಳಿ ತಲೆಯ ಪ್ರೊಫೆಸರು, ಹಿಂದೆ ಇಬ್ಬರು ಲೇಡಿ ಡಾಕ್ಟರುಗಳು. ಮೂವರೂ ಒಂದು ಕ್ಷಣ ಅವನನ್ನು ನೋಡಿದರು. ಮರುಕ್ಷಣವೇ ಒಬ್ಬರು ಹೆಗಲು ಹಿಡಿದರು, ಒಬ್ಬರು ಸೊಂಟ ಹಿಡಿದರು, ಸಂಗೀತದ ಕೋಣೆಯ ಉದ್ದನೆಯ ಮೇಜಿನ ಮೇಲೆ ಅಂಗಾತ ಮಲಗಿಸಿದರು. ಕೋಟು ಯಾರದೋ ಕೈಗೆ ಹೋಯಿತು, ಅಂಗಿಯ ಗುಂಡಿಗಳು ಬಿಚ್ಚಿಕೊಂಡವು.

"ಎಲ್ಲಿ ಗಾಯ?" ಎಂದು ಇಂಗ್ಲಿಷಿನಲ್ಲಿ ಕೇಳಿದರು ಪ್ರೊಫೆಸರು.

"ಗಾಯ ಇಲ್ಲ. ರಕ್ತ ಅಲ್ಲ ಇದು. ನಮ್ಮ ತಾಯಿ ಕೊಟ್ಟದ್ದು," ಎಂದ ಶೇಖರಪ್ಪ.

ಮೂವರೂ ಮುಖ ಮುಖ ನೋಡಿಕೊಂಡರು. ಪ್ರೊಫೆಸರು ಮೆಲ್ಲಗೆ ನಾಡಿ ಹಿಡಿದರು. ನಾಡಿ ಕುದುರೆಯ ಓಟದಲ್ಲಿತ್ತು. "ಎಷ್ಟು ದಿನದಿಂದ ಹೀಗೆ?"

"ನಾಲ್ಕು ತಿಂಗಳಿಂದ," ಎಂದುಬಿಟ್ಟ ಶೇಖರಪ್ಪ, ಸಿಟ್ಟಿನ ಭರದಲ್ಲಿ.

ಗಾಯವಿಲ್ಲ ಎಂದು ಖಾತ್ರಿಯಾದ ಮೇಲಾದರೂ ಬಿಟ್ಟರೆ? ಇಲ್ಲ. ಪ್ರೊಫೆಸರರ ಬೆರಳುಗಳು ಕುತ್ತಿಗೆಗೆ ಬಂದವು. ಇದೇನು ಕಟ್ಟಿಗೆಯಾಗಿದೆಯಲ್ಲ, ಕಂಪ್ಯೂಟರ್ ಕೆಲಸವೇ, ತಲೆನೋವು ಬರುತ್ತದೆಯೇ, ಉಸಿರು ಬಿಡಿ, ಅಲ್ಲಾಡಬೇಡಿ. ಮಗಳು, ಕೋಟು, ವೇದಿಕೆ ಎಂದು ಅವನು ಹೇಳಲು ನೋಡಿದ. ಗದ್ದ ಅವರ ಅಂಗೈಯಲ್ಲಿ ಸಿಕ್ಕಿಕೊಂಡಿದ್ದರಿಂದ ಮಾತು ಹೊರಬರಲಿಲ್ಲ. ಯಾವ ವಿದ್ಯೆಯ ಪರವಾಗಿ ಊರೆಲ್ಲ ಜಗಳವಾಡಿದ್ದನೋ ಆ ವಿದ್ಯೆ ಈಗ ಅವನ ಕುತ್ತಿಗೆ ಹಿಡಿದಿತ್ತು.

ಆಗ ಕೇಳಿಸಿತು. "ನಿಕಿತಾ ಶೇಖರಪ್ಪ."

ಹೆಸರನ್ನು ಇನ್ನೊಮ್ಮೆ ಕೂಗಿದರು. ಆಮೇಲೆ ಚಪ್ಪಾಳೆ. ಬರೀ ಚಪ್ಪಾಳೆಯಲ್ಲ, ಇಡೀ ಸಭಾಂಗಣ ಎದ್ದು ನಿಂತ ಸದ್ದು, ಸಿಳ್ಳೆ. ಶೇಖರಪ್ಪನ ಕಣ್ಣ ಮುಂದೆ ಆ ಟೈ ಬಂತು. ಹೋದ, ಮನುಷ್ಯ ಹೋಗಿಯೇ ಬಿಟ್ಟ, ಗೋಡೆಗೆ ಒತ್ತಿ ಕೂರಿಸಿದರೂ ದಾಟಿ ಹೋದ. ಪ್ರೊಫೆಸರರ ಕೈಯಿಂದ ಕುತ್ತಿಗೆ ಬಿಡಿಸಿಕೊಂಡು, ಬಿಚ್ಚಿದ ಗುಂಡಿಗಳಲ್ಲೇ ಓಡಿದ. ಇವತ್ತು ಎರಡರಲ್ಲಿ ಒಂದು ಆಗಿಹೋಗಲಿ.

ಸಭಾಂಗಣದ ಬಾಗಿಲಲ್ಲೇ ಅಶ್ವತ್ಥ ಎದುರಾದರು. ಟೈ ಸಡಿಲಾಗಿತ್ತು, ಏದುಸಿರು ಬಿಡುತ್ತಿದ್ದರು.

"ಎಲ್ಲಿ ಹೋಗಿದ್ರಿ ಮಾರಾಯ್ರೆ? ನಿಮ್ಮನ್ನ ಹುಡ್ಕಿ ಹುಡ್ಕಿ ಇಡೀ ಬಿಲ್ಡಿಂಗ್ ಸುತ್ತಿದೀನಿ. ಅಪ್ಪ ಇಲ್ದೆ ಮಗು ಲೈನಲ್ಲಿ ಒಂದೇ ನಿಂತಿತ್ತು."

"ನೀವು ಇಲ್ಲಿದ್ರ ಸ್ಟೇಜ್ ಮ್ಯಾಲ ಯಾರದಾರ?"

ಇಬ್ಬರೂ ತಿರುಗಿ ನೋಡಿದರು. ವೇದಿಕೆಯ ನಟ್ಟನಡುವೆ, ಇಳಕಲ್ ಸೀರೆಯುಟ್ಟು, ಕಾಲಿಗೆ ಬಿಳಿ ಬೂಟು ಹಾಕಿಕೊಂಡ ಗೌರಾದೇವಿ ನಿಂತಿದ್ದಳು. ಮೊಮ್ಮಗಳಿಗೆ ಕೋಟು ತೊಡಿಸಿ ಆಗಿತ್ತು. ಎರಡೂ ತೋಳು ಸರಿಯಾಗಿ ಕೂತಿದ್ದವು. ಹೆಸರಿನ ಕೋಟು ಸಿಗದೆ ಕಾಲೇಜಿನವರು ಕೊಟ್ಟ ಬೇರೆ ಕೋಟು ಅದು, ಹಾಲಿನ ಹಾಗೆ ಬಿಳುಪು, ಅರಿಶಿನದ ಒಂದು ಚುಕ್ಕಿಯೂ ಇರಲಿಲ್ಲ. ಮುದುಕಿ ಕಾಲರು ತೀಡಿ, ಲಟಿಕೆ ಮುರಿದು, ಸಭೆಯ ಕಡೆ ತಿರುಗಿ ಎರಡೂ ಕೈ ಜೋಡಿಸಿದಳು. ಮತ್ತೊಮ್ಮೆ ಚಪ್ಪಾಳೆ.

ಕಾರ್ಯಕ್ರಮ ಮುಗಿದು ಪಾರ್ಕಿಂಗ್ ಜಾಗಕ್ಕೆ ಬಂದ ಮೇಲೆ ಶೇಖರಪ್ಪ ಕೇಳಿಯೇ ಬಿಟ್ಟ.

"ಅವ್ವಾ, ಬರೇ ಬಿಳೇ ಅರಿವಿ ಹಾಕಬಾರದು ಅಂದಿದ್ದಿ. ಈಗ ಅರಿಷಿಣಾ ಇಲ್ಲದನ ಹಾಕಿದಿಯಲ್ಲ?"

"ಡಾಕ್ಟರ್ ಕೋಟು ಬಿಳೇದ ಇರತೈತಿ. ಕೋಟಿಗೆ ಯಾರರ ಅರಿಷಿಣಾ ಹಚ್ಚತಾರೇನೊ, ಹುಚ್ಚಾ?"

ಶೇಖರಪ್ಪ ಮಗಳನ್ನು ನೋಡಿದ. ನಿಕಿತಾ ಅಪ್ಪನ ಕೆಂಪು ಅಂಗಿಯ ಮೇಲಿನಿಂದ ಕಣ್ಣು ತೆಗೆದು ನೆಲ ನೋಡಿದಳು.

"ಸಾರಿ ಅಪ್ಪಾ. ಅಜ್ಜಿ ಲಾಸ್ಟ್ ಮಂಡೇನೇ ಕೇಳಿದ್ರು, ನಾನೇ ಹಾಕ್ಲಾ ಅಂತ. ಅಪ್ಪ ಹಾಕ್ತಾರೆ ಅಜ್ಜಿ, ನೇಮ್ ಕರ್ದಾಗ ಅವ್ರು ಇಲ್ದಿದ್ರೆ ಮಾತ್ರ ನೀವು ಅಂದೆ. ಐ ವಾಸ್ ಜೋಕಿಂಗ್."

ಒಂದೊಂದಾಗಿ ಎಲ್ಲ ಅರ್ಥವಾಯಿತು. ತೊಡಿಸುವವನೇ ಹಚ್ಚಬೇಕೆಂಬ ಶಾಸ್ತ್ರ, ಬಿಗಿಯಾಗಿ ಒತ್ತಿದ ಮುಚ್ಚಳ, ಮೊಣಕೈಯ ತಿವಿತ. ತಾನು ಡಾಕ್ಟರಿಗೆ ಕಾವಲು ಕೂತಿದ್ದಾಗ ಕಳ್ಳತನವಾದದ್ದು ಪಕ್ಕದ ಕುರ್ಚಿಯಿಂದ.

"ಇದು ನ್ಯಾಯ ಏನವ್ವಾ? ನಾಲ್ಕ ತಿಂಗಳಿಂದ ಊರ ಮಂದಿ ಕೂಡ ಬಡದಾಡೇನಿ ನಾ, ಈ ಒಂದ ದಿನದ ಸಲುವಾಗಿ."

ಗೌರಾದೇವಿ ಸೆರಗು ಸರಿಮಾಡಿಕೊಂಡಳು. ದನಿ ಏರಿಸಲಿಲ್ಲ.

"ನಿನ್ನ ಸಾಲಿಗೆ ಹಚ್ಚಿದಾಂವ ನಿಮ್ಮಪ್ಪ. ನಿನಗ ಬಂಗಾರದ ಪದಕ ಬಂದಾಗ ಮುಂದಿನ ಕುರ್ಚಿಮ್ಯಾಲ ಕೂತಾಂವ ನಿಮ್ಮ ಕಾಕಾ. ನಿನ್ನ ಮದವಿಯೊಳಗ ಮಂದಿ ಮುಂದ ಮೆರದಾಂವ ನಿಮ್ಮ ಮಾವ. ನಾ ಅಷ್ಟೂ ಸಲ ಒಲಿ ಮುಂದ ಇದ್ದೆ. ನಿಂದು ನಾಲ್ಕ ತಿಂಗಳ ಸಿಟ್ಟು, ಶೇಖರಾ. ನಂದು ಐವತ್ತ ವರ್ಷದ್ದು."

ಅಶ್ವತ್ಥರೇ ಕೆಮ್ಮಿ, ಸಮಾಧಾನಕ್ಕೆ ಅಂತ, "ಹೋಗ್ಲಿ ಬಿಡಿ ಶೇಖರಪ್ಪ. ನಾಲ್ಕು ವರ್ಷ ಆದ್ಮೇಲೆ ಪದವಿ ಕೊಡೋವಾಗ ಇನ್ನೊಂದು ಸಮಾರಂಭ ಇರುತ್ತೆ. ಅದಕ್ಕೆ ನೀವೇ" ಎಂದರು.

"ಹೌದನ?" ಗೌರಾದೇವಿಯ ಮುಖ ಅರಳಿತು. "ಹಂಗಾರ ಅದಕ್ಕೂ ನನ್ನ ವೀಸಾದ ಕೆಲಸ ನೀನ ನೋಡಪಾ ಶೇಖರಾ."

ಶೇಖರಪ್ಪ ವ್ಯಾನಿನ ಬಾಗಿಲು ತೆಗೆದು, ಅವಳು ಹತ್ತಲೆಂದು ಕೈ ಕೊಟ್ಟ.