ಹೆಂಡತಿಯ ವೀಸಾದಲ್ಲಿ ನಾನು

ಗಂಡಸರು ಒಪ್ಪಿಕೊಳ್ಳಲು ಹಿಂಜರಿಯುವ ಸಂಗತಿಗಳಲ್ಲಿ ಗೊರಕೆ ಮೊದಲನೆಯದಾದರೆ, ಹೆಂಡತಿಯ ಆಸರೆಯಲ್ಲಿದ್ದೇನೆ ಎನ್ನುವುದು ಎರಡನೆಯದು. ಗೊರಕೆಯನ್ನಾದರೂ ಸುಳ್ಳೆಂದು ವಾದಿಸಬಹುದು. ಎರಡನೆಯದನ್ನು ನನ್ನ ಪಾಸ್‌ಪೋರ್ಟಿನಲ್ಲೇ ಅಂಟಿಸಿಬಿಟ್ಟಿದ್ದಾರೆ.

ನಾನು ದುಬೈಗೆ ಹೋದದ್ದು ಮದುವೆಯಾಗಲಿಕ್ಕಲ್ಲ. ಅಲ್ ಮುರಕ್ಕಬಾತ್‌ನಲ್ಲಿರುವ ಅಕ್ಕನ ಮನೆಯಲ್ಲಿ ಮೂರು ತಿಂಗಳು ಉಂಡುಕೊಂಡಿದ್ದು, ಅಷ್ಟರಲ್ಲಿ ಒಂದು ಕೆಲಸ ಹಿಡಿಯುವ ಅಂದಾಜಿನಲ್ಲಿ ವಿಸಿಟ್ ವೀಸಾದಲ್ಲಿ ಬಂದಿದ್ದೆ. ಕೆಲಸ ಸಿಗಲಿಲ್ಲ, ಚರ್ಚಿನಲ್ಲಿ ಲವೀನಾ ಸಿಕ್ಕಳು. ಕಾರ್ಕಳದ ಕಡೆಯವಳು, ಅಬುಧಾಬಿಯ ಖಾಲಿದಿಯಾದಲ್ಲಿ ನರ್ಸ್, ವಾರದ ರಜೆಗೆ ದುಬೈಗೆ ಬಂದಿದ್ದಳು. ಊರಿನ ಚರ್ಚಿನಿಂದ ಕಾಗದಪತ್ರಗಳು ಬಂದವು, ಮದುವೆಯೂ ಆಯಿತು. ನನ್ನ ವೀಸಾ ಮಾತ್ರ ಮುಗಿಯುತ್ತ ಬಂದಿತ್ತು. ನರ್ಸ್ ಆದ್ದರಿಂದ ಗಂಡನನ್ನು ತನ್ನ ಹೆಸರಿನಲ್ಲಿ ಇಟ್ಟುಕೊಳ್ಳಲು ಅವಳಿಗೆ ಅವಕಾಶವಿತ್ತು. ಆ ‘ಇಟ್ಟುಕೊಳ್ಳುವ’ ಎಂಬ ಮಾತು ನನ್ನ ಮೀಸೆಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಮೀಸೆಗೆ ಬೇರೆ ದಾರಿ ಇರಲಿಲ್ಲ.

ಅರ್ಜಿಯನ್ನು ಅರಬ್ಬಿಯಲ್ಲಿ ಟೈಪ್ ಮಾಡಿಸಲು ವಿಟ್ಲದ ಹಮೀದಾಕನ ಅಂಗಡಿಗೆ ಹೋದೆವು. “ಪಾಸ್‌ಪೋರ್ಟ್ ಕೊಡಿ, ಒಂದು ಚಾ ಕುಡಿಯಿರಿ, ಅಷ್ಟರಲ್ಲಿ ಖಲಾಸ್” ಎಂದು ಅವರು ಕೀಬೋರ್ಡಿನ ಮೇಲೆ ಮಳೆ ಸುರಿಸಿದರು. ಚಹಾ ಆರುವ ಮೊದಲೇ ಅರ್ಜಿ ಸಿದ್ಧ. ಅಂದು ಗುರುವಾರ. ನನ್ನ ವೀಸಾ ಮುಗಿಯುವುದು ಶನಿವಾರ. ಶುಕ್ರವಾರ, ಶನಿವಾರ ಎರಡು ದಿನವೂ ಕಚೇರಿಗೆ ರಜೆ.

ನಮ್ಮೂರಲ್ಲಿ ಅಪ್ಪ ಎಲ್ಲಿಗೆ ಹೊರಟರೂ ಅಮ್ಮ ಎರಡು ಮಾರು ಹಿಂದೆ ನಡೆಯುವುದನ್ನು ನೋಡಿ ಬೆಳೆದವನು ನಾನು. ವೀಸಾ ಕಚೇರಿಯಲ್ಲಿ ಲವೀನಾಳ ಹಿಂದೆ ಫೈಲು ಹಿಡಿದುಕೊಂಡು ಅಷ್ಟೇ ದೂರದಲ್ಲಿ ನಡೆದೆ. ಬಿಳಿ ಕಂದೂರಾ ನಿಲುವಂಗಿ ತೊಟ್ಟಿದ್ದ ಅಧಿಕಾರಿ ಅರ್ಜಿ ಓದಿದ, ನನ್ನನ್ನು ನೋಡಿದ, ಮತ್ತೆ ಓದಿದ.

“ಮೇಡಂ ಎಲ್ಲಿ?”

“ಇವಳೇ” ಎಂದೆ.

“ಇವರು ಸ್ಪಾನ್ಸರ್. ಹೆಂಡತಿ ಎಲ್ಲಿ?”

ಆಸ್ಪತ್ರೆಯ ಕಾಗದಗಳಿಂದ ಅಷ್ಟಿಷ್ಟು ಅರಬ್ಬಿ ಓದಲು ಕಲಿತಿದ್ದ ಲವೀನಾ ಬಗ್ಗಿ ನೋಡಿದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ನನ್ನ ಹೆಸರಿನ ಮುಂದೆ ‘ಸ್ತ್ರೀ’ ಎಂದಿತ್ತು. ಸಂಬಂಧ: ‘ಹೆಂಡತಿ’. ಅಧಿಕಾರಿ ನನ್ನ ಮೀಸೆಯನ್ನೊಮ್ಮೆ ನೋಡಿ, ತುಟಿ ಕಚ್ಚಿ, ಕೊನೆಗೆ ತಡೆಯಲಾರದೆ ನಕ್ಕು ಪಕ್ಕದ ಮೇಜಿನವನನ್ನೂ ಕರೆದು ತೋರಿಸಿದ. “ಮಾಫಿ ಮುಷ್ಕಿಲ್, ಏನೂ ತೊಂದರೆಯಿಲ್ಲ. ಹೊಸ ಅರ್ಜಿ ತನ್ನಿ. ಆದರೆ ಎರಡು ಗಂಟೆಗೆ ಬಾಗಿಲು ಹಾಕುವ ಮೊದಲು.”

ಎಲ್ಲರೂ ನಗುತ್ತಿದ್ದರು, ನನಗೆ ಮಾತ್ರ ನಗು ಬರಲಿಲ್ಲ. ಗಂಟೆ ಆಗಲೇ ಒಂದಾಗಿತ್ತು. ತಪ್ಪಿದರೆ ಮದುವೆಯಾದ ಮೂರನೆಯ ವಾರಕ್ಕೆ ಹೆಂಡತಿಯನ್ನು ಬಿಟ್ಟು ವಿಮಾನ ಹತ್ತಬೇಕಿತ್ತು. ಮರಳಿ ಬರುವುದು ಯಾವಾಗಲೋ. ಲಿಫ್ಟಿನಲ್ಲಿ ಲವೀನಾ ನನ್ನ ಕೈ ಹಿಡಿದು, “ಹೆದರಬೇಡ, ನಾನಿದ್ದೇನಲ್ಲ” ಎಂದಳು. ಅದು ಗಂಡಸರು ಹೆಂಗಸರಿಗೆ ಹೇಳುವ ಮಾತೆಂದು ಅಲ್ಲಿಯವರೆಗೂ ತಿಳಿದಿದ್ದೆ. ಕೇಳಿಸಿಕೊಳ್ಳಲು ಅದು ಇಷ್ಟು ಹಿತವಾಗಿರುತ್ತದೆಂದು ಗೊತ್ತಿರಲಿಲ್ಲ.

ಹಮೀದಾಕ ತಲೆಗೆ ಕೈಯಿಟ್ಟುಕೊಂಡರು. “ಯಾ ಅಲ್ಲಾ, ಕೈ ತನ್ನಷ್ಟಕ್ಕೆ ಹೋಯ್ತು ಮಾರಾಯ್ರೆ! ಇಲ್ಲಿಗೆ ಎಲ್ಲರೂ ಹೆಂಡತಿಯ ಪಾಸ್‌ಪೋರ್ಟ್ ಹಿಡ್ಕೊಂಡು ಬರುವುದು. ಗಂಡನನ್ನು ಕರ್ಕೊಂಡು ಬಂದವರು ಇವರೇ ಮೊದಲು.” ಈ ಸಲ ಒಂದೊಂದೇ ಅಕ್ಷರ ಒತ್ತಿ, ‘ಪುರುಷ’ ಎಂಬುದನ್ನು ನನಗೆ ಎರಡು ಸಲ ಓದಿ ಹೇಳಿದರು. ಟ್ಯಾಕ್ಸಿಯವನಿಗೆ “ಯಲ್ಲಾ ಯಲ್ಲಾ” ಎಂದು ಅವಸರಪಡಿಸುತ್ತ ಮರಳಿದಾಗ ಎರಡು ಗಂಟೆಗೆ ಏಳು ನಿಮಿಷ ಉಳಿದಿತ್ತು. ಅಧಿಕಾರಿ ಮುದ್ರೆ ಒತ್ತಿ “ಮಬ್ರೂಕ್” ಎಂದ. ಅಭಿನಂದನೆ ಮದುವೆಗೋ, ಗಂಡಸಾದುದಕ್ಕೋ ಕೇಳಲಿಲ್ಲ.

ರಕ್ತಪರೀಕ್ಷೆ, ಎಕ್ಸ್‌ರೇಗಳೆಲ್ಲ ಮುಗಿದು ವೀಸಾ ಕೈಸೇರಿದ ದಿನ, ಎಷ್ಟೋ ವಾರಗಳ ಬಳಿಕ ಹೊಟ್ಟೆತುಂಬ ಉಂಡು ಅಮ್ಮನಿಗೆ ಫೋನ್ ಮಾಡಿದೆ.

“ಪರ್ಮನೆಂಟಾ ಮಗಾ?”

“ಇಲ್ಲಮ್ಮ, ಒಂದೇ ವರ್ಷ. ಪ್ರತಿ ವರ್ಷವೂ ಲವೀನಾ ಸಹಿ ಹಾಕಬೇಕು.”

ಅಮ್ಮನಿಗೆ ಬೇಸರವಾಗುತ್ತದೇನೋ ಎಂದುಕೊಂಡೆ.

“ಒಳ್ಳೆಯದೇ ಆಯ್ತು. ಅಷ್ಟಾದರೂ ಹೆದರಿಕೆ ನಿನಗೆ ಬೇಕಿತ್ತು. ಫೋನ್ ಅವಳಿಗೆ ಕೊಡು” ಎಂದಳು ಅಮ್ಮ.

ಅವರಿಬ್ಬರೂ ಅರ್ಧ ಗಂಟೆ ಮಾತನಾಡಿದರು, ನಡುನಡುವೆ ನಕ್ಕರು. ನಾನು ಅಡುಗೆಮನೆಗೆ ಹೋಗಿ, ಯಾರೂ ಹೇಳದೆಯೇ, ಬಂಗುಡೆ ಹುರಿದ ಬಾಣಲೆಯನ್ನು ತಿಕ್ಕತೊಡಗಿದೆ.